ವಿಕಿಪೀಡಿಯ ಲೇಖನ ಅಳಿಸಬೇಕೇ, ಉಳಿಸಬೇಕೇ? ಮಲೆನಾಡಿನ ವಿಷಯಗಳನ್ನು ನೋಡುವ ಸಂಪಾದಕರಿಗೆ

ಲೇಖನದಲ್ಲಿ ಎರಡೇ ಸಾಲು ಇದೆ, ಕಾಗುಣಿತ ತಪ್ಪಿದೆ, ಉಲ್ಲೇಖ ಒಂದೂ ಇಲ್ಲ. ಇವೆಲ್ಲ ತಿದ್ದುವ ಕೆಲಸ, ಅಳಿಸಲು ಕಾರಣವಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ವಿಷಯಕ್ಕೆ ಸಂಬಂಧಪಡದ ಯಾರಾದರೂ ಇದರ ಬಗ್ಗೆ ನಂಬಬಹುದಾದ ಕಡೆ ವಿವರವಾಗಿ ಬರೆದಿದ್ದಾರೆಯೇ? ಪುಟದಲ್ಲಿ ಆಧಾರ ಕೊಟ್ಟಿರದಿದ್ದರೂ ಪುಸ್ತಕದಲ್ಲೋ ಪತ್ರಿಕೆಯಲ್ಲೋ ಇದ್ದರೆ ಲೇಖನ ಉಳಿಯುತ್ತದೆ. ಶಿವಮೊಗ್ಗ ಜಿಲ್ಲೆಯ ಲೇಖನಗಳಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ.

ಚರ್ಚೆಯೇ ಬೇಡದ ಪುಟಗಳನ್ನು ಮೊದಲು ಬೇರೆ ಮಾಡಿ. ಅರ್ಥವಿಲ್ಲದ ಅಕ್ಷರಗಳು, ಯಾರನ್ನೋ ಬೈದ ಪುಟ, ಕೋಣೆ ಬಾಡಿಗೆ, ಫೋನ್ ನಂಬರು ಹಾಕಿದ ಹೋಂಸ್ಟೇ ಜಾಹೀರಾತು: ಇವಕ್ಕೆ ಶೀಘ್ರ ಅಳಿಸುವಿಕೆಯ ಟೆಂಪ್ಲೇಟು (ಪುಟದ ಮೇಲೆ ಹಾಕುವ ಸಿದ್ಧ ಸೂಚನೆ) ಸಾಕು. ನಕಲು ಹೊಡೆದ ಲೇಖನವೂ ಇದೇ ಗುಂಪಿನದು, ಆದರೆ ಪರೀಕ್ಷಿಸದೆ ಹೇಳಬೇಡಿ. ಎಂಟು-ಹತ್ತು ಪದಗಳ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಬೇರೆ ತಾಣದಲ್ಲಿ ಸಿಕ್ಕರೆ ಪುಟದ ಇತಿಹಾಸ ತೆರೆದು ಆ ವಾಕ್ಯ ಸೇರಿದ ದಿನಾಂಕ ನೋಡಿ. ವಿಕಿಪೀಡಿಯದಿಂದಲೇ ಎತ್ತಿಕೊಂಡ ತಾಣಗಳು ಬೇಕಾದಷ್ಟಿವೆ. ನಕಲು ಸೇರುವುದಕ್ಕೆ ಮುಂಚಿನ ಆವೃತ್ತಿ ಸರಿಯಿದ್ದರೆ ಅದಕ್ಕೆ ಮರಳಿಸಿದರಾಯಿತು.

ಇನ್ನು ಹುಡುಕಾಟ. ನಗರದ ಹೆಸರು ಅಧಿಕೃತವಾಗಿ ಶಿವಮೊಗ್ಗ ಆದದ್ದು 2014ರ ನವೆಂಬರ್ 1ರಂದು. ಹಳೆಯ ಇಂಗ್ಲಿಷ್ ಬರಹಗಳು ಹೆಚ್ಚಾಗಿ 'ಶಿಮೊಗ' ಎಂಬ ಹೆಸರಿನಲ್ಲಿವೆ, ಎರಡನ್ನೂ ಹುಡುಕಿ. ಇಂದಿನ ಹೊಸನಗರ ತಾಲ್ಲೂಕು ಹಳೆಯ ಪುಸ್ತಕಗಳಲ್ಲಿ 'ನಗರ' ತಾಲ್ಲೂಕು. ನಗರ ಎಂಬ ಊರಿನ ಹಳೆಯ ಹೆಸರು ಬಿದನೂರು. ಸ್ಕ್ಯಾನ್ ಮಾಡಿಟ್ಟ ಹಳೆಯ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಗೂಗಲ್‌ಗೆ ಸಿಗುವುದೇ ಇಲ್ಲ, ಪುಟ ತಿರುಗಿಸಿಯೇ ನೋಡಬೇಕು. ಸರ್ಕಾರ ಹೊರತಂದ ಜಿಲ್ಲೆಯ ವಿವರ ಗ್ರಂಥ, ಅಂದರೆ ಜಿಲ್ಲಾ ಗ್ಯಾಸೆಟಿಯರ್ ನೋಡಿ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೇ ಸಂಪುಟಗಳು ಈ ಜಿಲ್ಲೆಯವೇ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಇರುವುದು ಎಂಟರಲ್ಲಿ.

ಸಿಕ್ಕಿದ್ದನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಡಿ. ಹೊಸನಗರ ಕಡೆಯ ಒಂದು ಹಳ್ಳಿಯ ದೇವಸ್ಥಾನದ ಲೇಖನ ಮುಂದಿದೆ ಎನ್ನಿ. ದೇವರಿಗೆ ಗದ್ದೆ ಬಿಟ್ಟ ಶಾಸನವೊಂದು ಸಿಕ್ಕಿತು. ಅದು ಮೂಲ ದಾಖಲೆ. ದೇವಸ್ಥಾನ ಆಗ ಇತ್ತು ಎಂದಷ್ಟೇ ಅದರಿಂದ ತಿಳಿಯುತ್ತದೆ. ಗ್ಯಾಸೆಟಿಯರೋ ಯಾವುದಾದರೂ ಅಧ್ಯಯನವೋ ಅದರ ಕಟ್ಟಡ, ಕಾಲದ ಬಗ್ಗೆ ಪ್ಯಾರಾ ಬರೆದಿದ್ದರೆ ಲೇಖನ ನಿಲ್ಲುತ್ತದೆ. ಇಲ್ಲವಾದರೆ ಊರಿನ ಲೇಖನದೊಳಗೆ ವಿಲೀನ ಮಾಡಿ, ಹಳೆಯ ಪುಟ ತೆರೆದವರನ್ನು ಅಲ್ಲಿಗೆ ಕಳಿಸುವ ಪುನರ್ನಿರ್ದೇಶನ ಕೊಡಿ: ಮಾಹಿತಿಯೂ ಉಳಿಯಿತು, ಬರೆದವರ ಹೆಸರೂ ಇತಿಹಾಸದಲ್ಲಿ ಉಳಿಯಿತು.

ವ್ಯಕ್ತಿಗಳ ಲೇಖನದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಸನ್ಮಾನದ ಸುದ್ದಿ ನಾಲ್ಕು ಪತ್ರಿಕೆಗಳಲ್ಲಿ ಅದೇ ವಾಕ್ಯಗಳಲ್ಲಿ ಬಂದಿದ್ದರೆ ಅದು ಸಂಘಟಕರ ಪ್ರಕಟಣೆ, ಸ್ವತಂತ್ರ ಆಧಾರವಾಗುವುದಿಲ್ಲ. ಶಿಷ್ಯರೇ ತಂದ ಅಭಿನಂದನ ಗ್ರಂಥವೂ ಹಾಗೆಯೇ.

'ಆ ಊರು ಈಗ ಇಲ್ಲ' ಎಂಬ ವಾದಕ್ಕೆ ಬಲವಿಲ್ಲ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಡೆಯಾದ ಹಳ್ಳಿಗೂ ಸರ್ಕಾರಿ ದಾಖಲೆ ಇದ್ದರೆ ಲೇಖನ ಇರಬಹುದು. ಇಂಗ್ಲಿಷ್ ವಿಕಿಪೀಡಿಯದ ನಿಯಮವೂ ಜನ ಬಿಟ್ಟುಹೋದ ಊರನ್ನು ಹೊರಗಿಡುವುದಿಲ್ಲ.

ಇಷ್ಟಾಗಿಯೂ ಆಧಾರ ಸಿಗದಿದ್ದರೆ ಅಳಿಸುವ ಚರ್ಚೆಗೆ ಹಾಕಿ. ಎಲ್ಲೆಲ್ಲಿ, ಯಾವ ಹೆಸರಿನಲ್ಲಿ ಹುಡುಕಿದಿರಿ ಎಂದು ಬರೆದು ನಾಲ್ಕು ಟಿಲ್ಡೆ (~~~~) ಒತ್ತಿ ಸಹಿ ಮಾಡಿ. ಲೇಖನ ಶುರುಮಾಡಿದವರ ಚರ್ಚೆಪುಟದಲ್ಲಿ ತಿಳಿಸಿ. ಹೊಸಬರು ಇದನ್ನು ಕಾಣದೆ ಹೋದರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಚರ್ಚೆಗೆ ಸಾಮಾನ್ಯವಾಗಿ 7 ದಿನ. ಕನ್ನಡದಲ್ಲಿ ಸಂಪಾದಕರು ಕಡಿಮೆ, ಎಲ್ಲ ಸಂಪಾದಕರೂ ಮಾತಾಡುವ 'ಅರಳಿಕಟ್ಟೆ' ಪುಟದಲ್ಲೂ ಒಂದು ಸಾಲು ಹಾಕಿ, ಅವಸರ ಮಾಡಬೇಡಿ.

ಇದು ಕೈ ಎತ್ತಿಸಿ ಎಣಿಸುವ ಮತದಾನ ಅಲ್ಲ. 'ನಮ್ಮೂರ ಹೆಮ್ಮೆ, ಉಳಿಸಿ' ಎಂಬ ಹತ್ತು ಮಾತಿಗಿಂತ ಪುಟ ಸಂಖ್ಯೆ ಸಮೇತ ಕೊಟ್ಟ ಒಂದು ಗಟ್ಟಿ ಆಧಾರಕ್ಕೆ ತೂಕ ಹೆಚ್ಚು. ಚರ್ಚೆಯಲ್ಲಿ ಅಭಿಪ್ರಾಯ ಹೇಳಿದ ನಿರ್ವಾಹಕರು (ಪುಟ ಅಳಿಸುವ ಅಧಿಕಾರ ಇರುವ ಸಂಪಾದಕರು) ತೀರ್ಮಾನ ಬರೆಯಬಾರದು. ಒಮ್ಮತ ಬರದಿದ್ದರೆ ಪುಟ ಹಾಗೆಯೇ ಇರುತ್ತದೆ. ಅಳಿಸಿದ ಪುಟ ನಿರ್ವಾಹಕರಿಗೆ ಕಾಣುತ್ತಿರುತ್ತದೆ. ಮುಂದೆ ಆಧಾರ ಸಿಕ್ಕರೆ, ಅದನ್ನು ಮರಳಿಸಿ ತನ್ನ ಸದಸ್ಯಪುಟದ ಉಪಪುಟಕ್ಕೆ ಹಾಕಿಕೊಡಿ ಎಂದು ಬರೆದವರು ಕೇಳಬಹುದು.