ಹಾದಿಯ ಮಾರಿಯನ್ನು ಮನೆಗೆ ಕರೆದದ್ದು: ಬಾದಾಮಿಯ ಒಂದು ಲಾಡ್ಜಿನ ವಿಮೆ ಲೆಕ್ಕ

ಹೋದ ವಾರ ನಮ್ಮ ರಸ್ತೆಯ ಇನ್ನೊಂದು ಲಾಡ್ಜಿನ ಮಾಲೀಕರು ಬಂದರು. ಚಹಾ ಕುಡಿದರು. ಮಳೆ, ಬೆಳೆ, ಜೋಳದ ರೇಟು ಎಲ್ಲ ಮುಗಿದ ಮೇಲೆ, ‘ನಿಮ್ಮ ಆ ವಿಮೆ ಫೈಲ್ ಒಂದ್ ದಿನದ ಮಟ್ಟಿಗೆ ಕೊಡ್ರಿ’ ಅಂದರು. 2021ರಲ್ಲಿ ಇದೇ ಮನುಷ್ಯ ಇದೇ ಕುರ್ಚಿಯಲ್ಲಿ ಕುಳಿತು, ‘ಹಾದ್ಯಾಗ ಹೋಗೋ ಮಾರೀನ ಮನಿಗೆ ಕರದ್ರಲ್ರೀ ಸಾವ್ಕಾರ್ರ’ ಅಂತ ನಕ್ಕಿದ್ದರು. ಹಾಗಾಗಿ ನಮ್ಮಂಥ ಲಾಡ್ಜಿನವರಿಗಾಗಿ ಬರೆಯುವ ಉಮೇದು ಬಂತು.

ನಮ್ಮದು ಬಾದಾಮಿಯಲ್ಲಿ 14 ರೂಮಿನ ಲಾಡ್ಜು, ಕೆಳಗೆ ಖಾನಾವಳಿ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಮೇಣಬಸದಿ ನೋಡೋರು, ಶಾಲೆ ಟ್ರಿಪ್ಪು, ಬಂಡೆ ಹತ್ತುವ ಹುಡುಗರು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಉಳಿದ ತಿಂಗಳು ನೊಣ ಹೊಡೆಯೋದು. ನಿಮಗೂ ಇದೇ ಕಥೆ ಅಲ್ವಾ.

2018ರಲ್ಲಿ ಒಂದು ರಾತ್ರಿ ಸ್ಟೋರ್ ರೂಮಿಗೆ ಬೆಂಕಿ ಬಿತ್ತು. ಹಳೇ ವೈರಿಂಗು. ಯಾರಿಗೂ ಏನೂ ಆಗಲಿಲ್ಲ, ಆದರೆ ಗಾದಿ, ಚಾದರ, ಎರಡು ಫ್ರಿಜ್ಜು, ಬಾಗಿಲು, ಛಾವಣಿಯ ಪ್ಲಾಸ್ಟರ್ ಎಲ್ಲ ಹೋಯಿತು. ನನ್ನ ಲೆಕ್ಕದಲ್ಲಿ ನಾಲ್ಕು ಲಕ್ಷದ ಮೇಲೆ. ಪಾಲಿಸಿ ಇದೆ ಅಂತ ಧೈರ್ಯವಾಗಿದ್ದೆ. ಸಾಲ ಕೊಟ್ಟ ಬ್ಯಾಂಕೇ ಪ್ರತಿ ವರ್ಷ ಖಾತೆಯಿಂದ ದುಡ್ಡು ಮುರಿದುಕೊಂಡು ಮಾಡಿಸುತ್ತಿತ್ತು. ನಾನು ಆ ಕಾಗದವನ್ನು ಒಂದು ದಿನವೂ ಬಿಚ್ಚಿ ಓದಿರಲಿಲ್ಲ.

ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದರು. ಕಡ್ಡಿ ಹಿಡಿದು ಬೂದಿ ಕೆದಕಿದರು. ಕರಗಿ ಗಟ್ಟಿಯಾದ ಫೋಮಿನ ಉಂಡೆ ಎತ್ತಿ, ‘ಇದು ಎಷ್ಟು ಗಾದಿ?’ ಅಂತ ಕೇಳಿದರು. ‘ಹನ್ನೆರಡು.’ ‘ಬಿಲ್ಲು?’ ಸೊಲ್ಲಾಪುರದಿಂದ ಅರವತ್ತು ಚಾದರ ನಗದು ಕೊಟ್ಟು ತಂದಿದ್ದೆ. ಎಲ್ಲಿಯ ಬಿಲ್ಲು? ಚೀಟಿ ಮೇಲೆ ಬರೆದುಕೊಂಡ ಲೆಕ್ಕ ತೋರಿಸಿದೆ. ಅವರು ಒಮ್ಮೆ ಚೀಟಿ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ.

ಬಿಲ್ಲಿಲ್ಲದ್ದನ್ನು ತೆಗೆದು, ಹಳೇದಕ್ಕೆ ಸವಕಳಿ ಕಳೆದು, ನಷ್ಟ ಮೂರು ಲಕ್ಷದ ಸುಮಾರು ಅಂತಾಯಿತು. ಆಮೇಲೆ ಬಂತು ನೋಡಿ ಅಸಲಿ ಪೆಟ್ಟು. ಕಟ್ಟಡ, ಸಾಮಾನು ಸೇರಿ ಬೆಲೆ ಒಂದು ಕೋಟಿ ಇಪ್ಪತ್ತು ಲಕ್ಷ, ವಿಮೆ ಇದ್ದದ್ದು ಅರವತ್ತು ಲಕ್ಷಕ್ಕೆ. ಅರ್ಧಕ್ಕೆ ವಿಮೆ, ಅದಕ್ಕೆ ನಷ್ಟದಲ್ಲೂ ಅರ್ಧ. ಅದರಲ್ಲಿ ಎಕ್ಸೆಸ್, ಅಂದರೆ ನಾವೇ ಹೊರಬೇಕಾದ ಪಾಲು, ಬೇರೆ ಕಳೆದರು. ಉಳಿದ ಒಂದು ಲಕ್ಷ ನಲವತ್ತೋ ನಲವತ್ತೈದೋ ಸಾವಿರ ಕೂಡ ನನ್ನ ಕೈಗೆ ಬರಲಿಲ್ಲ, ಪಾಲಿಸಿಯಲ್ಲಿ ಹಣ ಬ್ಯಾಂಕಿಗೇ ಹೋಗಬೇಕು ಅನ್ನೋ ಷರತ್ತು ಇತ್ತು, ಸೀದಾ ಸಾಲದ ಖಾತೆಗೆ ಹೋಯಿತು. ಗಾದಿ ತರೋದಕ್ಕೆ ಹೆಂಡತಿಯ ಬಳೆ ಒತ್ತೆ ಇಟ್ಟೆ. ಇದನ್ನು ಅವಳು ಈಗಲೂ ವರ್ಷಕ್ಕೆ ಎರಡು ಸಲ ನೆನಪಿಸುತ್ತಾಳೆ.

ಹೆದರಿದವನು ಮಾಡುವ ತಪ್ಪನ್ನೇ ಆಮೇಲೆ ನಾನೂ ಮಾಡಿದೆ. ಏಜೆಂಟ್ ಒಬ್ಬರು ಸಿಕ್ಕರು. ಅವರು ತೋರಿಸಿದ್ದಕ್ಕೆಲ್ಲ ಸಹಿ ಹಾಕಿದೆ. ಬ್ಯಾಂಕಿನ ಬೆಂಕಿ ಪಾಲಿಸಿ 17 ಸಾವಿರ, ಅದೇ ಕಟ್ಟಡಕ್ಕೆ ಏಜೆಂಟರ ಇನ್ನೊಂದು ಪಾಲಿಸಿ 16 ಸಾವಿರ, ಕೆಲಸದವರದು 14, ವ್ಯಾಪಾರ ನಷ್ಟದ್ದು 7, ಗಲ್ಲಾಪೆಟ್ಟಿಗೆ ದುಡ್ಡಿಗೆ 4. ಒಟ್ಟು ಸುಮಾರು 58 ಸಾವಿರ. ಪ್ರೀಮಿಯಂ ಮೇಲೆ ಶೇ 18 ಜಿಎಸ್‌ಟಿ ಇದರಲ್ಲೇ ಬಂತು. ಖಾನಾವಳಿಯ ಶೇ 5ರ ತೆರಿಗೆಯಲ್ಲಿ ನಮಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಮೊದಲೇ ಕಟ್ಟಿದ ತೆರಿಗೆ ಮುರಿದುಕೊಳ್ಳೋದು, ಇಲ್ಲವಲ್ಲ, ಆ ಹದಿನೆಂಟು ಹೋದದ್ದು ಹೋದ ಹಾಗೇ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿಗೆ ನೀರು ನುಗ್ಗಿದಾಗ ನಮ್ಮ ಬುಕಿಂಗ್ ಎಲ್ಲ ರದ್ದಾಯಿತು. ವ್ಯಾಪಾರ ನಷ್ಟದ ಪಾಲಿಸಿ ಹಿಡಿದು ಹೋದೆ. ‘ನಿಮ್ಮ ಕಟ್ಟಡಕ್ಕೆ ಏನಾಗಿದೆ?’ ಅಂದರು. ಏನೂ ಆಗಿರಲಿಲ್ಲ. ಮೊದಲು ವಿಮೆ ಮಾಡಿದ ಆಸ್ತಿಗೇ ಪೆಟ್ಟು ಬೀಳಬೇಕು, ಅದರಿಂದ ವ್ಯಾಪಾರ ನಿಂತರೆ ಮಾತ್ರ ಇದು ಅಂತ ತಿಳಿಸಿದರು. 2020ರ ಲಾಕ್‌ಡೌನ್‌ನಲ್ಲಿ ಮತ್ತೆ ಕೇಳಿದೆ, ಸುಮ್ನೆ. ಅದೇ ಉತ್ತರ. ಬಾಗಿಲು ಮುಚ್ಚಿದ್ದ ಆ ತಿಂಗಳುಗಳಲ್ಲಿ ಬೇರೇನೂ ಕೆಲಸ ಇರಲಿಲ್ಲ. ಐದೂ ಪಾಲಿಸಿ ಹರವಿಕೊಂಡು, ಮಗಳ ಕೈಯಲ್ಲಿ ಓದಿಸಿ, ಒಂದೊಂದು ಸಾಲಿಗೂ ಅರ್ಥ ಕೇಳಿ ಬರೆದುಕೊಂಡೆ.

ಒಂದೇ ಕಟ್ಟಡಕ್ಕೆ ಎರಡು ಪಾಲಿಸಿ ಇದ್ದರೆ ಎರಡು ಪಟ್ಟು ಬರೋದಿಲ್ಲ. ನಷ್ಟ ಎಷ್ಟೋ ಅಷ್ಟನ್ನೇ ಇಬ್ಬರೂ ಹಂಚಿಕೊಂಡು ಕೊಡುತ್ತಾರೆ. ಬ್ಯಾಂಕಿನ ಪಾಲಿಸಿಯಲ್ಲಿ ನಮ್ಮ ಕಟ್ಟಡವನ್ನು ‘ಅಂಗಡಿ’ ಅಂತ ಬರೆದಿದ್ದರು, ಅಡುಗೆ ಒಲೆಯ ಸುದ್ದಿಯೇ ಇರಲಿಲ್ಲ. ಇನ್ನೊಂದು ಬೆಂಕಿ ಬಿದ್ದಿದ್ದರೆ ಅದೊಂದೇ ನೆಪ ಸಾಕಿತ್ತು. ಸಾಲ ಇದ್ದರೂ ವಿಮೆಯನ್ನು ಬ್ಯಾಂಕ್ ಹೇಳಿದ ಕಂಪನಿಯಲ್ಲೇ ಮಾಡಿಸಬೇಕು ಅಂತಿಲ್ಲ. ನಮ್ಮದೇ ಪಾಲಿಸಿ ತಂದು, ಅದರಲ್ಲಿ ಬ್ಯಾಂಕಿನ ಹೆಸರು ಹಾಕಿಸಿ ಕೊಟ್ಟರೆ ಆಯಿತು. ಮ್ಯಾನೇಜರ್ ಒಪ್ಪಲು ಮೂರು ಪತ್ರ ಬೇಕಾಯಿತು, ಮೂರನೆಯದನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿದೆ.

ಅಷ್ಟರಲ್ಲಿ 2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದವರಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅನ್ನೋ ಬೆಂಕಿ ಪಾಲಿಸಿ ಬಂತು. ಒಂದು ಜಾಗದಲ್ಲಿ ಐದು ಕೋಟಿವರೆಗಿನ ಆಸ್ತಿಗೆ. ವಿಮೆ ಮೊತ್ತ ಶೇ 15ರಷ್ಟು ಕಡಿಮೆ ಬಿದ್ದರೂ ಕತ್ತರಿ ಹಾಕೋದಿಲ್ಲ, ಭೂಕಂಪವೂ ಒಳಗೇ ಇದೆ. ಅದೇ ಸೆಪ್ಟೆಂಬರ್‌ನಲ್ಲಿ ಪಕ್ಕದ ವಿಜಯಪುರದಲ್ಲಿ ನೆಲ ನಡುಗಿದಾಗ ಇದರ ಬೆಲೆ ತಿಳಿಯಿತು. ಬರೀ ಕಳವು ಮಾತ್ರ ಇದರಲ್ಲಿ ಬರೋದಿಲ್ಲ, ಬೆಂಕಿಯೋ ನೆರೆಯೋ ಆದ ಏಳು ದಿನದೊಳಗೆ ಕಳುವಾದರೆ ಮಾತ್ರ. ಮಾಮೂಲಿ ಕಳ್ಳನಿಗೆ ಬೇರೆ ಪಾಲಿಸಿ.

ಮೊತ್ತ ಎಷ್ಟು ಬರೆಸಬೇಕು ಅನ್ನೋದೇ ಜಗಳದ ವಿಷಯ. ನನ್ನ ಷಡ್ಡಕ ಜಾಗದ ಬೆಲೆಯನ್ನೂ ಸೇರಿಸಿ ಮೂರು ಕೋಟಿಗೆ ಮಾಡಿಸಿದ್ದಾನೆ. ನೆಲ ಸುಡುತ್ತದೇನು? ನಾನು ಬಾಗಲಕೋಟೆಯ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ಅಳೆಸಿದೆ, ಆರು ಸಾವಿರ ಫೀಸು. 6,200 ಚದರಡಿ, ಅಡಿಗೆ 1,700, ಹತ್ತಿರ ಹತ್ತಿರ ಒಂದು ಕೋಟಿ ಐದು ಲಕ್ಷ. ಸಾಮಾನು ಮೂವತ್ತು ಲಕ್ಷ. ಅಂದರೆ ಹಳೇ ಅರವತ್ತು ಲಕ್ಷದ ಮೊತ್ತವನ್ನು ದುಪ್ಪಟ್ಟಿಗಿಂತ ಜಾಸ್ತಿ ಮಾಡಿ ಪ್ರೀಮಿಯಂ ಇಳಿಸಬೇಕಿತ್ತು. ಇದು ಕೇಳಿಯೇ ಎಲ್ಲರೂ ನಕ್ಕಿದ್ದು.

ಮಾರಿಯನ್ನು ಮನೆಗೆ ಕರೆದದ್ದು ಇಲ್ಲಿ. ಪಾಲಿಸಿಗೆ ಮೊದಲೇ ಕಂಪನಿಯವರಿಗೆ ಪತ್ರ ಬರೆದು, ನಿಮ್ಮ ಎಂಜಿನಿಯರ್ ಕಳಿಸಿ, ನೋಡಿ ರೇಟು ಹೇಳಿ ಅಂದೆ. ಅವರಿಗಿಂತ ಮುಂಚೆ ಅಗ್ನಿಶಾಮಕ ಠಾಣೆಯವರನ್ನು ಕೇಳಿಕೊಂಡು ಹುಡುಗರಿಗೆ ಬೆಂಕಿ ಆರಿಸುವ ಅಭ್ಯಾಸ ಮಾಡಿಸಿದೆ. ಅವರೇ ಒಂಬತ್ತು ತಪ್ಪು ಬರೆದುಕೊಟ್ಟರು. ಮೊದಲನೆಯದು ಅಡುಗೆಮನೆಯ ಎರಡು ಕೆಂಪು ಸಿಲಿಂಡರ್! ಮನೆಯದನ್ನು ಅವಸರಕ್ಕೆ ತಂದಿಟ್ಟಿದ್ದು. ನಿಮ್ಮಲ್ಲೂ ಇದ್ದರೆ ಇವತ್ತೇ ಹೊರಗೆ ಹಾಕಿ. ಕ್ಲೇಮ್ ತಿರಸ್ಕರಿಸೋಕೆ ಅದಕ್ಕಿಂತ ಒಳ್ಳೇ ಕಾರಣ ಬೇಕಿಲ್ಲ. ಈಗ ಬರೀ ಹತ್ತೊಂಬತ್ತು ಕೆಜಿಯವು, ತುಂಬಿದವು ಐದಕ್ಕಿಂತ ಜಾಸ್ತಿ ಇಡೋದಿಲ್ಲ. ಐದಾದರೆ 95 ಕೆಜಿ. ನೂರು ದಾಟಿದರೆ ದಾಸ್ತಾನಿಗೆ ಬೇರೆ ಲೈಸೆನ್ಸ್ ಬೇಕು. ಜಾತ್ರೆಯಲ್ಲಿ ದಿನಾ ತರಿಸಿಕೊಳ್ಳೋದು ತಲೆನೋವು, ಆದರೆ ಅದೇ ಸಲೀಸು.

ಸಿಲಿಂಡರ್‌ಗಳನ್ನು ಹೊರಗೆ ಇಡೋಕೆ ಹಿತ್ತಲಲ್ಲಿ ಸಣ್ಣ ಗೂಡು ಕಟ್ಟಬೇಕಿತ್ತು. ಬಾದಾಮಿಯಲ್ಲಿ ಇಟ್ಟಿಗೆ ಮೇಲೆ ಇಟ್ಟಿಗೆ ಇಡೋದು ಅಂದರೆ ಗೊತ್ತಲ್ಲ. ಸ್ಮಾರಕದಿಂದ ನೂರು ಮೀಟರ್ ನಿಷೇಧ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ಸ್ಮಾರಕ ಕಾಯ್ದೆಗೆ 2010ರ ತಿದ್ದುಪಡಿ ಆದಮೇಲೆ ತಪ್ಪಿದರೆ ಜೈಲಿನ ಮಾತು. ನಮ್ಮದು ಆ ಇನ್ನೂರರೊಳಗೆ. ನಕ್ಷೆ, ಫೋಟೋ, ಎತ್ತರ ಎಲ್ಲ ಕೊಟ್ಟು ಅನುಮತಿ ಕೈಗೆ ಬರೋಕೆ ಎಂಟು ತಿಂಗಳು ಹಿಡಿಯಿತು. ಗೂಡಿಗೆ ಆದ ಖರ್ಚು 22 ಸಾವಿರ, ಓಡಾಟಕ್ಕೆ ಅದಕ್ಕಿಂತ ಸ್ವಲ್ಪ ಕಡಿಮೆ. ರಾತ್ರೋರಾತ್ರಿ ಕಟ್ಟಿಬಿಡಿ ಅಂದವರು ಬಹಳ ಜನ. ಅನುಮತಿ ಇಲ್ಲದ್ದನ್ನು ವಿಮೆ ಎಂಜಿನಿಯರಿಗೆ ತೋರಿಸಿ ನಾನೇ ಸಿಕ್ಕಿಹಾಕಿಕೊಳ್ಳಬೇಕಾ?

ವೈರಿಂಗ್ ಪೂರ್ತಿ ಬದಲಿಸಿದ್ದು ದೊಡ್ಡ ಖರ್ಚು, ಒಂದು ಲಕ್ಷ ಹತ್ತು ಸಾವಿರ. ಎರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪ ಮಾಡಿದೆ.

ಇನ್ನು ಫೈಲು. ಆರು ತಿಂಗಳಿಗೊಮ್ಮೆ ಹೆಂಡತಿಯ ಅಣ್ಣನ ಮಗ ಮೊಬೈಲ್ ಹಿಡಿದು ರೂಮು ರೂಮು ಸುತ್ತುತ್ತಾನೆ. ‘ರೂಮ್ ನಂಬರ್ ಏಳು. ಮಂಚ ಎರಡು. ಗಾದಿ ಎರಡು, ಹೋದ ವರ್ಷದ್ದು. ಟಿವಿ ಒಂದು, ರಿಮೋಟ್ ಇಲ್ಲ.’ ಕ್ಯಾಮೆರಾಗೆ ಅವತ್ತಿನ ಪೇಪರ್ ತೋರಿಸಿ ಶುರು ಮಾಡುತ್ತಾನೆ. ವಿಡಿಯೋವನ್ನು ನಮ್ಮ ಈಮೇಲಿಗೆ ನಾವೇ ಕಳಿಸಿಕೊಳ್ಳೋದು, ತಾರೀಖು ತಾನಾಗೇ ಬೀಳುತ್ತದೆ. ಈಗ ಸೊಲ್ಲಾಪುರದಲ್ಲಿ ಬಿಲ್ಲಿಲ್ಲದೆ ಒಂದು ಟವೆಲ್ಲೂ ತರೋದಿಲ್ಲ.

ಕೆಲಸದವರ ಪಾಲಿಸಿಯಲ್ಲಿ ಏಜೆಂಟರು ಹನ್ನೊಂದು ಜನರನ್ನೂ ‘ಅಡುಗೆಯವರು’ ಅಂತ ಹಾಕಿದ್ದರು. ರೂಮ್ ಹುಡುಗರನ್ನು, ಕೌಂಟರ್‌ನವನನ್ನು ಬೇರೆ ಮಾಡಿ, ಕೊಡುವ ಪಗಾರವನ್ನೇ ಬರೆಸಿದೆ, ನಾಲ್ಕು ಸಾವಿರ ಇಳಿಯಿತು. ಆದರೆ ಇಲ್ಲೊಂದು ಕಡೆ ನಾನು ಎಡವಿದೆ. ಆ ವರ್ಷ ಜಾತ್ರೆಗೆ ಹೆಚ್ಚಿಗೆ ಕರೆದ ನಾಲ್ವರ ಹೆಸರು ಪಾಲಿಸಿಯಲ್ಲಿ ಇರಲಿಲ್ಲ. ಅವರಲ್ಲೇ ಒಬ್ಬನಿಗೆ ಮಿರ್ಚಿ ಕರಿಯುವಾಗ ಮೊಣಕೈವರೆಗೆ ಎಣ್ಣೆ ಬಿತ್ತು. 38 ಸಾವಿರ ಕೈಯಿಂದ ಹೋಯಿತು, ಅವನು ಎರಡು ತಿಂಗಳು ಮನೆಯಲ್ಲಿ ಕುಳಿತ. ಈಗ ಜಾತ್ರೆಯ ಕೂಲಿಯನ್ನೂ ವರ್ಷದ ಲೆಕ್ಕದಲ್ಲೇ ಸೇರಿಸಿ ಬರೆಸುತ್ತೇನೆ, ಹೆಚ್ಚಾಗೋದು ಏಳೆಂಟು ನೂರು.

ಲೈಸೆನ್ಸುಗಳ ಬಗ್ಗೆ ನಿಮಗೆ ಹೇಳೋದೇನಿದೆ. ಆಹಾರ ಲೈಸೆನ್ಸ್ ನವೀಕರಣ ಮರೆತು, ಆಗಿನ ನಿಯಮದಂತೆ ದಿನಕ್ಕೆ ನೂರರ ಲೆಕ್ಕದಲ್ಲಿ ಎರಡೂವರೆ ಸಾವಿರ ಕಟ್ಟಿದ್ದೇನೆ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರ ಸರಕಾರಕ್ಕೆ ಕಳಿಸಬೇಕು, ಆಗ ಅದಕ್ಕೆ ಫಾರ್ಮ್ ಸಿ ಅನ್ನುತ್ತಿದ್ದರು. ಬಂಡೆ ಹತ್ತೋಕೆ ಬಂದ ಇಬ್ಬರು ಫ್ರೆಂಚ್ ಹುಡುಗರದ್ದು ಮರೆತು, ಠಾಣೆಯಲ್ಲಿ ಅರ್ಧ ದಿನ ಬೆಂಚಿನ ಮೇಲೆ ಕುಳಿತಿದ್ದೆ. ಈಗ ಪಾಸ್‌ಪೋರ್ಟ್ ಸ್ಕ್ಯಾನ್ ಆಗೋವರೆಗೆ ಕೀಲಿ ಕೈ ಕೊಡೋದಿಲ್ಲ, ಚಹಾ ಕೊಡುತ್ತೇವೆ.

2023ರ ಮೇ ತಿಂಗಳಲ್ಲಿ ಪರೀಕ್ಷೆ ಬಂತು. ಬೆಳಗಿನ ಜಾವ ಮೆಟ್ಟಿಲ ಕೆಳಗಿನ ಇನ್ವರ್ಟರ್‌ಗೆ ಬೆಂಕಿ. ತರಬೇತಿ ಪಡೆದ ಹುಡುಗನೇ ಬೆಂಕಿ ಆರಿಸುವ ಪುಡಿಯ ಎರಡು ಸಿಲಿಂಡರ್ ಹೊಡೆದು ಆರಿಸಿದ. ಇನ್ವರ್ಟರ್, ಬ್ಯಾಟರಿ, ಬಾಗಿಲು, ವೈರು, ಎರಡು ಮಹಡಿಯ ಬಣ್ಣ, ಒಟ್ಟು ಒಂದು ಲಕ್ಷ ತೊಂಬತ್ತು ಸಾವಿರ. ಆರೂಕಾಲಕ್ಕೇ ಈಮೇಲ್ ಹಾಕಿದೆ. ಏನನ್ನೂ ಮುಟ್ಟಲಿಲ್ಲ, ಗುಡಿಸಲೂ ಇಲ್ಲ. ಸರ್ವೇಯರ್ ಬಂದು ‘ಬಿಲ್ಲು?’ ಅಂತ ಬಾಯಿ ತೆರೆಯುವ ಮೊದಲೇ ಫೈಲ್ ಮುಂದಿಟ್ಟೆ. ಮಾರ್ಚ್ ತಿಂಗಳ ವಿಡಿಯೋ ಹಚ್ಚಿದೆ. ಅವರು ಪೂರ್ತಿ ನೋಡಿ, ‘ರಿಮೋಟ್ ಸಿಕ್ತಾ?’ ಅಂತ ಕೇಳಿದರು. ನಲವತ್ತು ದಿನ ದಾಟಿ ಸ್ವಲ್ಪಕ್ಕೆ, ಒಂದು ಲಕ್ಷ ಅರವತ್ತು ಸಾವಿರ ಚಿಲ್ಲರೆ ಬಂತು. ಅಷ್ಟರಲ್ಲಿ ಸಾಲವೂ ತೀರಿತ್ತು, ಹಾಗಾಗಿ ಈ ಸಲ ನನ್ನ ಖಾತೆಗೇ.

ಈಗ ಬೆಂಕಿ ಪಾಲಿಸಿ 20 ಸಾವಿರ, ಕೆಲಸದವರದು 10, ಅತಿಥಿ ಜಾರಿ ಬಿದ್ದರೆ, ಊಟದಿಂದ ಕೆಟ್ಟರೆ ಅಂತ ಪಬ್ಲಿಕ್ ಲಯಬಿಲಿಟಿ 5, ಕಳವಿಗೆ 2. ಸುಮಾರು 37 ಸಾವಿರ. ಗಲ್ಲಾಪೆಟ್ಟಿಗೆಯ ಪಾಲಿಸಿ ಕಿತ್ತುಹಾಕಿದೆ, ಎಲ್ಲರೂ ಸ್ಕ್ಯಾನ್ ಮಾಡೋವಾಗ ಪೆಟ್ಟಿಗೆಯಲ್ಲಿ ಇರೋದೇನು? ವ್ಯಾಪಾರ ನಷ್ಟದ್ದನ್ನೂ ಬಿಟ್ಟೆ, ಆದರೆ ದೊಡ್ಡ ಕಂತು ಇದ್ದವರು ನನ್ನ ನೋಡಿ ಬಿಡಬೇಡಿ. ಕಟ್ಟಡವೇ ಸುಟ್ಟು ಆರು ತಿಂಗಳು ಬಾಗಿಲು ಹಾಕಿದರೆ ಕಂತು ಕಟ್ಟೋಕೆ ಅದೊಂದೇ ಗತಿ.

ಗೆಲ್ಲಲಾಗದ್ದು ಮಂಗಗಳ ವಿರುದ್ಧ. ಮಾಳಿಗೆಯ ಸೋಲಾರ್ ಹೀಟರಿನ ಗಾಜಿನ ಕೊಳವೆ ಒಡೆದಾಗ 11 ಸಾವಿರದ ಕ್ಲೇಮ್ ಹಾಕಿ ನೋಡಿದೆ. ಮಂಗನ ಚೇಷ್ಟೆ ಪಾಲಿಸಿಯ ಪಟ್ಟಿಯಲ್ಲಿಲ್ಲ ಅಂದರು, ಇದ್ದಿದ್ದರೂ ಎಕ್ಸೆಸ್ ಕಳೆದು ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೇ. ರಬ್ಬರ್ ಹಾವು ಇಟ್ಟೆ, ಮೂರನೇ ದಿನ ಮರಿಯೊಂದು ಅದನ್ನೇ ಕೊರಳಿಗೆ ಹಾಕಿಕೊಂಡು ಓಡಾಡಿತು. ಜಾಲರಿ ಹಾಕಿದರೆ ಬಿಸಿಲು ಕಡಿಮೆ, ನೀರು ಕಾಯೋದಿಲ್ಲ. ಈಗ ಬೇರೊಂದು ಉಪಾಯ ಮಾಡಿದ್ದೇನೆ, ಒಂದು ವರ್ಷದಿಂದ ಕೊಳವೆ ಒಡೆದಿಲ್ಲ. ಅದನ್ನು ಹೇಳಿದರೆ ನಿಮ್ಮ ಮಾಳಿಗೆಯ ಮಂಗಗಳೆಲ್ಲ ನನ್ನ ಮಾಳಿಗೆಗೇ ಬರುತ್ತವೆ.

ಪಕ್ಕದವರಿಗೆ ಫೈಲ್ ಕೊಟ್ಟೆ. ರೇಟು ಇಳಿಸೋಕೆ ಕಂಪನಿಯವರ ಹತ್ತಿರ ಏನು ಕೇಳಬೇಕು, ಯಾವ ತಿಂಗಳು ಕೇಳಬೇಕು ಅಂತ ಬರೆದಿಟ್ಟ ಒಂದು ಹಾಳೆ ಮಾತ್ರ ತೆಗೆದು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡೆ.