ಮೈಸೂರಿನ ಲೇತ್‌ನಲ್ಲಿ ಒಂದು ಆಕ್ಸಿಲರೇಟರ್ ಕ್ಯಾವಿಟಿ

ಸೂಪರ್‌ಕಂಡಕ್ಟಿಂಗ್ ಕ್ಯಾವಿಟಿ (ಆಕ್ಸಿಲರೇಟರ್‌ನಲ್ಲಿ ಕಣಗಳಿಗೆ ವೇಗ ಕೊಡಲು ರೇಡಿಯೋ ಅಲೆ ತುಂಬುವ, ಅತಿ ತಂಪಿನಲ್ಲಿ ವಿದ್ಯುತ್ ರೋಧ ಬಹುತೇಕ ಇಲ್ಲದಂತಾಗುವ ಲೋಹದ ಡಬ್ಬಿ) ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂತ ಮೈಸೂರು, ಮಂಡ್ಯ ಕಡೆಯ ವಿದ್ಯಾರ್ಥಿಗಳು ಕೇಳಿದರೆ ನಾನು ಹೇಳುವುದು ಒಂದೇ: ನಯೋಬಿಯಂ ಲೋಹ, ಅದನ್ನು ತಣಿಸುವ ದ್ರವ ಹೀಲಿಯಂ ಎರಡನ್ನೂ ಸದ್ಯಕ್ಕೆ ಬಿಡಿ, ಮೊದಲು ಅಲ್ಯೂಮಿನಿಯಂನಲ್ಲಿ ಒಂದು ಡಬ್ಬಿ ಮಾಡಿ ಅಳೆಯಿರಿ. ಅಳತೆಯ ಕೆಲಸ ಅರ್ಧಕ್ಕರ್ಧ ಅಲ್ಲೇ ಕೈಗೆ ಹತ್ತುತ್ತದೆ.

ಒಳಗೆ ದುಂಡಗೆ, ಎರಡು ಕಡೆ ಮುಚ್ಚಳ, ಅಷ್ಟೇ. ಒಳ ತ್ರಿಜ್ಯ 88.3 ಮಿ.ಮೀ. ಇದ್ದರೆ ಡಬ್ಬಿ ಅನುರಣಿಸುವ ಫ್ರೀಕ್ವೆನ್ಸಿ 1.3 ಗಿಗಾಹರ್ಟ್ಸ್ ಸಿಗುತ್ತದೆ. ಜರ್ಮನಿಯ ಎಕ್ಸ್‌ರೇ ಲೇಸರ್ ಯಂತ್ರ ಯುರೋಪಿಯನ್ ಎಕ್ಸ್‌ಫೆಲ್‌ನ ಕ್ಯಾವಿಟಿಗಳದ್ದೂ ಇದೇ ಫ್ರೀಕ್ವೆನ್ಸಿ. ಉದ್ದ 100 ಮಿ.ಮೀ. ಇರಲಿ. ಹೂಟಗಳ್ಳಿಯಲ್ಲೋ ಹೆಬ್ಬಾಳದಲ್ಲೋ, ಮಂಡ್ಯದವರಾದರೆ ತೂಬಿನಕೆರೆಯಲ್ಲೋ ಲೇತ್ ಇರುವವರಿಗೆ ಡ್ರಾಯಿಂಗ್ ಕೊಡಿ. ತ್ರಿಜ್ಯ 0.1 ಮಿ.ಮೀ. ತಪ್ಪಿದರೆ ಫ್ರೀಕ್ವೆನ್ಸಿ ಸುಮಾರು 1.5 ಮೆಗಾಹರ್ಟ್ಸ್ ಸರಿಯುತ್ತದೆ ಅಂತ ಮೊದಲೇ ಬಿಡಿಸಿ ಹೇಳಿ, ಇಲ್ಲದಿದ್ದರೆ ‘ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್’ ಅಂತಾರೆ.

ಎರಡೂ ಮುಚ್ಚಳದಲ್ಲಿ ಒಂದೊಂದು ಎಸ್‌ಎಂಎ ಕನೆಕ್ಟರ್, ಅದಕ್ಕೆ ಚಿಕ್ಕ ತಂತಿಯ ಆಂಟೆನಾ. ಅಳೆಯಲು ನ್ಯಾನೋ ವಿಎನ್‌ಎ ಸಾಕು: ಒಂದು ಕನೆಕ್ಟರ್‌ನಿಂದ ಸಿಗ್ನಲ್ ಕಳಿಸಿ, ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಇನ್ನೊಂದಕ್ಕೆ ಬಂತು ಅಂತ ಪರದೆಯಲ್ಲಿ ತೋರಿಸುವ ಚಿಕ್ಕ ಯಂತ್ರ. ಪೀಕ್ -30 ಡಿಬಿ ಹತ್ತಿರ ಬರುವವರೆಗೆ ತಂತಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋಗಿ. ತಂತಿ ಉದ್ದವಾದರೆ ಅದೇ ಶಕ್ತಿ ಹೀರಿಬಿಡುತ್ತದೆ, ನೀವು ಅಳೆಯುವುದು ಕ್ಯಾವಿಟಿಯನ್ನಲ್ಲ. ಈಗ ಪೀಕ್‌ನಿಂದ 3 ಡಿಬಿ ಕೆಳಗಿನ ಅಗಲ ನೋಡಿ, ಫ್ರೀಕ್ವೆನ್ಸಿಯನ್ನು ಅದರಿಂದ ಭಾಗಿಸಿ. ಅದೇ ಕ್ಯೂ, ಅಂದರೆ ಡಬ್ಬಿ ಎಷ್ಟು ಕಡಿಮೆ ಶಕ್ತಿ ಕಳೆದುಕೊಳ್ಳುತ್ತದೆ ಅನ್ನುವುದರ ಅಳತೆ. ಶುದ್ಧ ಅಲ್ಯೂಮಿನಿಯಂಗೆ ಲೆಕ್ಕದಲ್ಲಿ 20 ಸಾವಿರ ಬರಬೇಕು. ಕೈಗೆ ಸಿಗುವುದು ಅದಕ್ಕಿಂತ ಕಡಿಮೆಯೇ. ಯಾಕೆ ಅಂದರೆ ಮುಚ್ಚಳದಿಂದ ಗೋಡೆಗೆ ಹರಿಯುವ ಕರೆಂಟ್ ಆ ಸಂದನ್ನು ದಾಟಲೇಬೇಕು. ಸ್ಕ್ರೂಗಳನ್ನು ಎದುರುಬದುರಾಗಿ ಒಂದೊಂದೇ ಬಿಗಿ ಮಾಡುತ್ತಾ ಪರದೆ ನೋಡಿ, ಪೀಕ್ ಸಣ್ಣಗಾಗಿ ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ನಯೋಬಿಯಂ ಕಪ್‌ಗಳನ್ನು ನಿರ್ವಾತದಲ್ಲಿ ಎಲೆಕ್ಟ್ರಾನ್ ಬೀಮ್‌ನಿಂದ ಬೆಸೆಯುವುದು ಯಾಕೆ ಅಂತ ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಮುಂದೆ ಮಣಿ. ಮುಚ್ಚಳಗಳ ನಟ್ಟನಡುವೆ ತೂತು ಮಾಡಿ ಗಾಳದ ದಾರದಲ್ಲಿ ಚಿಕ್ಕ ಮಣಿ ಎಳೆಯಿರಿ. ಫ್ರೀಕ್ವೆನ್ಸಿ ಎಷ್ಟು ಇಳಿಯಿತೋ ಅದು ಅಲ್ಲಿನ ವಿದ್ಯುತ್ ಕ್ಷೇತ್ರದ ವರ್ಗಕ್ಕೆ ಅನುಪಾತ. ಒಂಬತ್ತು ಸೆಲ್ (ಕೋಣೆ) ಸಾಲಾಗಿರುವ ಕ್ಯಾವಿಟಿಯಲ್ಲಿ ಎಲ್ಲ ಸೆಲ್‌ಗೂ ಸಮ ಕ್ಷೇತ್ರ ಇದೆಯಾ ಅಂತ ನೋಡುವುದೂ ಹೀಗೇ. ಬೆಳಿಗ್ಗೆಯೇ ಮುಗಿಸಿ: ಒಂದು ಡಿಗ್ರಿ ಬಿಸಿಗೆ ಅಲ್ಯೂಮಿನಿಯಂ ಹಿಗ್ಗಿ ಫ್ರೀಕ್ವೆನ್ಸಿ 30 ಕಿಲೋಹರ್ಟ್ಸ್ ಸರಿಯುತ್ತದೆ.

ನಯೋಬಿಯಂ ಕೆಲಸ ಇಂದೋರಿನ ಆರ್‌ಆರ್‌ಕ್ಯಾಟ್, ದೆಹಲಿಯ ಐಯುಎಸಿ ಅಂಥ ಆಕ್ಸಿಲರೇಟರ್ ಸಂಶೋಧನಾ ಕೇಂದ್ರಗಳಲ್ಲಿ. ಒಳಮೈಯನ್ನು ಹೈಡ್ರೋಫ್ಲೋರಿಕ್ ಇರುವ ಆಮ್ಲದಲ್ಲಿ ಸವೆಸುತ್ತಾರೆ (ಕಾಲೇಜು ಲ್ಯಾಬ್‌ನಲ್ಲಿ ಇದರ ಹತ್ತಿರಕ್ಕೂ ಹೋಗಬೇಡಿ), ಅತಿಶುದ್ಧ ನೀರನ್ನು ಜೋರು ಒತ್ತಡದಲ್ಲಿ ಹಾಯಿಸಿ ತೊಳೆಯುತ್ತಾರೆ, ಕ್ಲೀನ್ ರೂಮ್‌ನಲ್ಲಿ ಜೋಡಿಸುತ್ತಾರೆ. ಕಣ್ಣಿಗೆ ಕಾಣದ ಧೂಳು ಉಳಿದರೂ ಅಲ್ಲಿಂದ ಎಲೆಕ್ಟ್ರಾನ್ ಹಾರಿ, ಗೋಡೆಗೆ ಬಡಿದು ಎಕ್ಸ್‌ರೇ ಹೊರಡುತ್ತದೆ. ಆಮೇಲೆ 2 ಕೆಲ್ವಿನ್‌ನಲ್ಲಿ (ಸುಮಾರು -271 ಡಿಗ್ರಿ ಸೆಲ್ಸಿಯಸ್) ಪರೀಕ್ಷೆ.

ಅಲ್ಲಿ ಕ್ಯೂ ಸಾವಿರ ಕೋಟಿ. ಪೀಕ್‌ನ ಅಗಲ ಸುಮಾರು 0.13 ಹರ್ಟ್ಸ್, ವಿಎನ್‌ಎ ಕೈಲಾಗದು. ಪವರ್ ಆಫ್ ಮಾಡಿ ಒಳಗಿನ ಶಕ್ತಿ ಇಳಿಯುವ ಸಮಯ ಅಳೆಯುತ್ತಾರೆ: ಸುಮಾರು 1.2 ಸೆಕೆಂಡು. ನಿಮ್ಮ ಡಬ್ಬಿಯಲ್ಲಿ ಅದು ಹೆಚ್ಚೆಂದರೆ 2.5 ಮೈಕ್ರೋಸೆಕೆಂಡು. ಆಮೇಲೆ ಪವರ್ ಏರಿಸುತ್ತಾ ಕ್ವೆಂಚ್ ಆಗುವವರೆಗೆ (ಸೂಪರ್‌ಕಂಡಕ್ಟಿಂಗ್ ಗುಣ ಕಳೆದುಹೋಗುವವರೆಗೆ) ಕ್ಯೂ ಗ್ರಾಫ್ ಬಿಡಿಸುತ್ತಾರೆ. ಅಂಥ ಗ್ರಾಫ್ ಕೈಗೆ ಸಿಕ್ಕರೆ ಎಕ್ಸ್‌ರೇ ರೀಡಿಂಗ್ ಜೊತೆಗಿಟ್ಟು ಓದಿ. ಕ್ಯೂ ಬೀಳುವಾಗಲೇ ಎಕ್ಸ್‌ರೇ ಏರಿದ್ದರೆ ಮೊದಲ ಅನುಮಾನ ತೊಳೆದದ್ದರ ಮೇಲೆ.