ಹೆಬ್ಬಾತಿನ ಮೊಟ್ಟೆಗೆ ಮನೆಯಲ್ಲೇ ಕಾವು ಕೊಡುವ ಬಗೆ

ಕೋಳಿಮೊಟ್ಟೆಗೆ ಕಾವು ಕೊಟ್ಟು ಪಳಗಿದವರೂ ಹೆಬ್ಬಾತಿನ ಮೊಟ್ಟೆಯಲ್ಲಿ ಎಡವುವುದು ಹೆಚ್ಚಾಗಿ ತೇವಾಂಶದ ವಿಷಯದಲ್ಲಿ. ಸುಮಾರು 140ರಿಂದ 200 ಗ್ರಾಂ ತೂಗುವ ಈ ದಪ್ಪ ಚಿಪ್ಪಿನ ಮೊಟ್ಟೆಯೊಳಗಿನ ನೀರು ಹದವಾಗಿ ಆರದಿದ್ದರೆ ಪೂರ್ತಿ ಬೆಳೆದ ಮರಿಯೂ ಹೊರಬರಲಾಗದೆ ಒಳಗೇ ಸಾಯುತ್ತದೆ. ಅತಿಯಾಗಿ ಆರಿದರೆ ಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ.

ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣುಗಳಿರುವ ಹಿಂಡಿನಿಂದ, ಇಟ್ಟು ಒಂದು ವಾರ ಮೀರದ, ಬಿರುಕಿಲ್ಲದ ಮೊಟ್ಟೆಗಳನ್ನು ಆರಿಸಿಕೊಳ್ಳಬೇಕು. ಅಸಹಜವಾಗಿ ದೊಡ್ಡದಿರುವುದನ್ನು ಅಡುಗೆಗೆ ಬಿಡುವುದೇ ಲೇಸು, ಏಕೆಂದರೆ ಎರಡು ಹಳದಿಯ ಮೊಟ್ಟೆ ಮರಿಯಾಗುವುದು ಬಹಳ ಅಪರೂಪ. ಮೊಟ್ಟೆಗಳನ್ನು ತಂಪಾದ ಜಾಗದಲ್ಲಿ ಮಲಗಿಸಿಟ್ಟು ದಿನಕ್ಕೊಮ್ಮೆ ಹೊರಳಿಸಬೇಕೇ ಹೊರತು ಫ್ರಿಜ್‌ನಲ್ಲಿಡಬಾರದು.

ಇನ್‌ಕ್ಯುಬೇಟರನ್ನು ಒಂದು ದಿನ ಮೊದಲೇ ಚಾಲೂ ಮಾಡಿ, ಫ್ಯಾನ್ ಇರುವ ಪೆಟ್ಟಿಗೆಯಾದರೆ ಉಷ್ಣಾಂಶ 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮೊಟ್ಟೆಗಳನ್ನು ಅಡ್ಡಲಾಗಿ ಮಲಗಿಸಬೇಕು. ಒಂದು ಮಗ್ಗುಲಿಗೆ ಪೆನ್ಸಿಲ್‌ನಿಂದ ಗುಣಾಕಾರದ ಗುರುತನ್ನೂ ಎದುರು ಮಗ್ಗುಲಿಗೆ ಸೊನ್ನೆಯನ್ನೂ ಬರೆದುಕೊಂಡು, ದಿನಕ್ಕೆ ಮೂರು ಅಥವಾ ಐದು ಸಲ ಕೈಯಿಂದಲೇ ಮಗುಚಬೇಕು. ಬೆಸ ಸಂಖ್ಯೆಯಲ್ಲಿ ಮಗುಚಿದರೆ ರಾತ್ರಿಯ ದೀರ್ಘ ಹೊತ್ತನ್ನು ಮೊಟ್ಟೆ ದಿನ ಬಿಟ್ಟು ದಿನ ಬೇರೆ ಮಗ್ಗುಲಲ್ಲಿ ಕಳೆಯುತ್ತದೆ. ನಾಟಿ ಕೋಳಿಯ ಕೆಳಗಿಡುವವರು ನಾಲ್ಕೈದಕ್ಕಿಂತ ಹೆಚ್ಚು ಇಡಬಾರದು, ಮತ್ತು ಅಷ್ಟು ಭಾರದ ಮೊಟ್ಟೆಯನ್ನು ಕೋಳಿ ತಾನೇ ಹೊರಳಿಸಲಾರದ್ದರಿಂದ ಆ ಕೆಲಸವನ್ನು ನಾವೇ ಮಾಡಬೇಕು.

ಎಂಟು ಹತ್ತು ದಿನಕ್ಕೆ ಕತ್ತಲೆಯಲ್ಲಿ ಟಾರ್ಚ್ ಹಿಡಿದು ನೋಡಿದರೆ ಜೀವವಿರುವ ಮೊಟ್ಟೆಯಲ್ಲಿ ಜೇಡದ ಕಾಲುಗಳಂತೆ ಹರಡಿದ ರಕ್ತನಾಳಗಳು ಕಾಣುತ್ತವೆ. ಪೂರ್ತಿ ತಿಳಿಯಾಗಿರುವುದನ್ನೂ ರಕ್ತದ ಉಂಗುರ ಮಾತ್ರ ಕಾಣುವುದನ್ನೂ ತೆಗೆದುಹಾಕಬೇಕು. ಅಲ್ಲಿಂದ ಮುಂದೆ ದಿನಕ್ಕೊಮ್ಮೆ ಮುಚ್ಚಳ ತೆರೆದು ಹತ್ತು ಹದಿನೈದು ನಿಮಿಷ ಆರಲು ಬಿಟ್ಟು, ಉಗುರುಬೆಚ್ಚಗಿನ ನೀರನ್ನು ತೆಳುವಾಗಿ ಸಿಂಪಡಿಸಿ ಮತ್ತೆ ಮುಚ್ಚುವುದು ವಾಡಿಕೆ. ತಾಯಿ ಹೆಬ್ಬಾತು ಮೇಯಲು ಎದ್ದುಹೋಗಿ ಒದ್ದೆ ಗರಿಯೊಂದಿಗೆ ಬಂದು ಕೂರುವುದರ ಅನುಕರಣೆ ಇದು. ಎಷ್ಟು ಆರಿದರೆ ಸಾಕು ಎಂಬುದಕ್ಕೆ ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ನೋಡಬಹುದು: ಬಿಸಿಯೂ ಅಲ್ಲದೆ ತಣ್ಣಗೂ ಅನ್ನಿಸದಿದ್ದರೆ ಅದೇ ಹದ.

ಪೆಟ್ಟಿಗೆಯೊಳಗಿನ ತೇವಾಂಶ ಶೇ. 50–55ರಷ್ಟಿರಲಿ ಎನ್ನುತ್ತಾರೆ. ಆದರೆ ಕರಾವಳಿಯ ಮಳೆಗಾಲಕ್ಕೂ ಕಲಬುರಗಿಯ ಬೇಸಿಗೆಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಹಾಗಾಗಿ ಮಾಪಕಕ್ಕಿಂತ ಅಡುಗೆಮನೆಯ ತಕ್ಕಡಿಯನ್ನೇ ನಾನು ಹೆಚ್ಚು ನಂಬುತ್ತೇನೆ. ಕಾವಿನ ಅವಧಿಯಲ್ಲಿ ಮೊಟ್ಟೆ ತನ್ನ ತೂಕದ ಸುಮಾರು ಶೇ. 14ರಷ್ಟನ್ನು ಕಳೆದುಕೊಳ್ಳಬೇಕು. ಅಂದರೆ 160 ಗ್ರಾಂ ಮೊಟ್ಟೆ ದಿನಕ್ಕೆ ಸುಮಾರು 0.8 ಗ್ರಾಂನಂತೆ ಹತ್ತನೆಯ ದಿನಕ್ಕೆ 152ಕ್ಕೆ ಇಳಿದಿರಬೇಕು. 155ರಲ್ಲೇ ನಿಂತಿದ್ದರೆ ಪೆಟ್ಟಿಗೆಯ ನೀರನ್ನು ಕಡಿಮೆ ಮಾಡಬೇಕು, 148ಕ್ಕೆ ಬಂದಿದ್ದರೆ ಹೆಚ್ಚಿಸಬೇಕು.

27ನೆಯ ದಿನದ ಹೊತ್ತಿಗೆ ಮಗುಚುವುದನ್ನೂ ಆರಿಸುವುದನ್ನೂ ನಿಲ್ಲಿಸಿ ತೇವಾಂಶವನ್ನು ಶೇ. 75ಕ್ಕೆ ಏರಿಸಬೇಕು. ಸಾಮಾನ್ಯವಾಗಿ 28ರಿಂದ 31 ದಿನಗಳೊಳಗೆ ಮರಿ ಚಿಪ್ಪನ್ನು ಕುಟ್ಟುತ್ತದೆ. ಮೊದಲ ತೂತು ಬಿದ್ದ ಮೇಲೆ ಪೂರ್ತಿ ಹೊರಬರಲು ಒಂದರಿಂದ ಎರಡು ದಿನ ಹಿಡಿದರೂ ಗಾಬರಿಪಡಬೇಕಿಲ್ಲ. ಈ ಹೊತ್ತಿನಲ್ಲಿ ಅದು ಪೊರೆಯ ರಕ್ತವನ್ನೂ ಉಳಿದ ಹಳದಿಯನ್ನೂ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಒಮ್ಮೆ ತಾಳ್ಮೆಗೆಟ್ಟು ನಾನು ಚಿಪ್ಪಿನ ಒಂದು ಚೂರನ್ನು ಉಗುರಿನಿಂದ ಎಬ್ಬಿಸಿದಾಗ ಬೆರಳಿಗೆ ಹಸಿರಕ್ತ ಅಂಟಿತು, ಆ ಮರಿ ಉಳಿಯಲಿಲ್ಲ. ಮುಚ್ಚಳ ಪದೇ ಪದೇ ತೆರೆಯುವುದೂ ಅಷ್ಟೇ ಕೆಟ್ಟದ್ದು.

ಮೈಯ ತುಪ್ಪುಳು ಒಣಗಿದ ಮೇಲೆ ಮರಿಗಳನ್ನು ಬಲ್ಬಿನ ಕೆಳಗೆ ಸುಮಾರು 32 ಡಿಗ್ರಿ ಇರುವ ಪೆಟ್ಟಿಗೆಗೆ ಬದಲಾಯಿಸಿ, ತಟ್ಟೆಯಲ್ಲಿ ಬೆಣಚುಕಲ್ಲುಗಳ ನಡುವೆ ತೆಳುವಾಗಿ ನೀರಿಡಬೇಕು. ನೆಲಕ್ಕೆ ಸುದ್ದಿಪತ್ರಿಕೆ ಹಾಸಿದರೆ ಕಾಲು ಜಾರಿ ಅಗಲವಾಗಿಬಿಡುವುದರಿಂದ ಹಳೆಯ ಗೋಣಿಚೀಲವನ್ನು ಹಾಸುವುದು ಒಳ್ಳೆಯದು.